ಮಿಡತೆಗೆ ತಾಯಿಯಿಲ್ಲ

ಶವಪೆಟ್ಟಿಗೆಯ ಮೂರು ಮೂಲೆಗೆ ಖಯ್ಯೂನ್, ಮಸೀದಿಯ ಇಬ್ಬರು ಕೆಲಸದವರು ಹೆಗಲು ಕೊಟ್ಟಿದ್ದರು. ನಾಲ್ಕನೆಯ ಮೂಲೆ ಮಸೀದಿಯ ಕಟ್ಟೆಯ ಮೇಲೇ ಉಳಿದಿತ್ತು. ಖಯ್ಯೂನ್ ತನ್ನ ಮೂಲೆಯನ್ನು ಹೊತ್ತುಕೊಂಡೇ ಬೀದಿಯ ಆಚೆ ಈಚೆ ನೋಡಿದ. ಬೆಳಗಿನ ನಮಾಜು ಮುಗಿಸಿದ ಏಳೆಂಟು ಮಂದಿ ಬಾಗಿಲಲ್ಲಿ ಒಂದು ಗಳಿಗೆ ನಿಂತು, ತುಟಿ ಅಲುಗಿಸಿ, ಬಿಸಿಲು ಏರುವುದರೊಳಗೆ ಮನೆ ಸೇರಲು ಹೊರಟುಹೋಗಿದ್ದರು.

"ಸ್ವಲ್ಪ ಹಾಗೇ ಹಿಡ್ಕೊಂಡಿರಿ," ಎಂದು ಇಖ್ಲಾಸ್ ಎದುರಿನ ರೊಟ್ಟಿಯಂಗಡಿಗೆ ಓಡಿದಳು.

ಅಂಗಡಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ವ್ಯಾನಿನ ನೆತ್ತಿಯ ಮೇಲೆ ಪೆಟ್ಟಿಗೆಯನ್ನು ಸರಿಸುವಾಗ ಹಲಗೆಯ ಮೇಲೆ ಅವನ ಐದು ಬೆರಳು ಬೆಳ್ಳಗೆ ಮೂಡಿದವು. ಒರೆಸಲು ಹೋದರೆ ಇನ್ನಷ್ಟು ಹರಡಿತು.

"ಮೇಷ್ಟ್ರು ನನಗೆ ಮೂರು ವರ್ಷ ವ್ಯಾಕರಣ ಹೇಳಿಕೊಟ್ರು ತಾಯಿ," ಎಂದ ಅವನು, ಇಖ್ಲಾಸಳ ಮುಖ ನೋಡದೆ. "ವ್ಯಾಕರಣ ಬರಲಿಲ್ಲ. ರೊಟ್ಟಿ ಬಂತು."

ಮೇಷ್ಟ್ರು ಎಂದರೆ ಫಾಲಿಹ್ ಮೇಷ್ಟ್ರು. ಬಸ್ರಾದ ಗಂಡುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಅರಬ್ಬಿ ಕಲಿಸಿದವರು. ಹಿಂದಿನ ದಿನ ನಡುಹಗಲಲ್ಲಿ, ಫ್ಯಾನು ನಿಂತುಹೋಗಿದ್ದ ಹೊತ್ತಿನಲ್ಲಿ, ಮಗಳು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಎಪ್ಪತ್ತೊಂಬತ್ತು ವಯಸ್ಸು. ಇಖ್ಲಾಸ್ ಅವರ ಒಬ್ಬಳೇ ಮಗಳು; ಔಷಧದಂಗಡಿಯಲ್ಲಿ ಕೆಲಸ ಮಾಡಿಕೊಂಡು, ಮದುವೆಯ ಮಾತು ಬಂದಾಗಲೆಲ್ಲ ಆಮೇಲೆ ನೋಡೋಣ ಎನ್ನುತ್ತ, ಅಪ್ಪನ ಜೊತೆಯಲ್ಲೇ ನಲವತ್ತೆಂಟು ವರ್ಷ ಮುಗಿಸಿದ್ದಳು. ಖಯ್ಯೂನ್ ಮೇಷ್ಟ್ರ ಹಳೆಯ ವಿದ್ಯಾರ್ಥಿ. ಬಸ್ರಾ-ನಜಫ್ ದಾರಿಯಲ್ಲಿ ವ್ಯಾನು ಓಡಿಸುವುದು ಅವನ ಜೀವನ. ದಕ್ಷಿಣದವರು ತಮ್ಮ ಸತ್ತವರನ್ನು ನಜಫಿನಲ್ಲೇ ಮಣ್ಣು ಮಾಡುವುದರಿಂದ ಜೀವಂತ ಇದ್ದವರಷ್ಟೇ ಸತ್ತವರನ್ನೂ ಅವನು ಸಾಗಿಸಿದ್ದ.

ಹೊರಡಬೇಕೆನ್ನುವಾಗ ಒಂದು ಟ್ಯಾಕ್ಸಿ ಬಂದು ನಿಂತಿತು. ಕಪ್ಪು ಅಬಾಯಾ ತೊಟ್ಟ ಮುದುಕಿಯೊಬ್ಬಳು ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಹೊರಗಿಟ್ಟು ಇಳಿದಳು. ನೇರ ವ್ಯಾನಿನ ಬಳಿ ಬಂದು ಪೆಟ್ಟಿಗೆಯ ಕಡೆ ಒಮ್ಮೆ ಕತ್ತೆತ್ತಿ ನೋಡಿದಳು.

ಇಖ್ಲಾಸ್ ಆ ಮುಖವನ್ನು ಕೊನೆಯ ಸಲ ನೋಡಿದ್ದು ಐದು ವರ್ಷದವಳಿದ್ದಾಗ. ಆದರೂ ಗುರುತು ಸಿಕ್ಕಿತು, ಮೂಗು ಅಪ್ಪನದೇ. ನದಿಯಾಚೆ, ಇರಾನಿನ ಮುಹಮ್ಮರಕ್ಕೆ ಮದುವೆಯಾಗಿ ಹೋಗಿದ್ದ ಸಬ್ರಿಯಾ ಅತ್ತೆ. ಅಪ್ಪನ ಪುಸ್ತಕದಲ್ಲಿದ್ದ ನಂಬರಿಗೆ ನಿನ್ನೆ ಫೋನು ಮಾಡಿ ಸುದ್ದಿ ಹೇಳಿದಾಗ ಆಚೆಯಿಂದ "ಸರಿ" ಎಂಬ ಒಂದೇ ಮಾತು ಬಂದಿತ್ತು. ನಿನ್ನೆ ಸಂಜೆಯೇ ಗಡಿ ದಾಟಿ, ಗಂಡನ ಕಡೆಯವರೊಬ್ಬರ ಮನೆಯಲ್ಲಿ ಉಳಿದು ಬಂದಿದ್ದಳು. ಅಣ್ಣನ ಮನೆಗೆ ಬಂದಿರಲಿಲ್ಲ.

"ಅತ್ತೆ, ಶೋಕದ ಮೂರು ದಿನ ಇರ್ತೀರಲ್ವಾ?" ಎಂದು ಇಖ್ಲಾಸ್ ಕೇಳಿದಳು.

"ಇಲ್ಲ ಮಗಳೇ. ಮಣ್ಣಿಗಿಡೋದು ನೋಡಿ ಹೋಗ್ತೀನಿ."

ಮಂಡಿ ಮಡಚಲು ಬಾರದ ಕಾರಣ ಅವಳನ್ನು ಮುಂದಿನ ಸೀಟಿನಲ್ಲಿ, ಖಯ್ಯೂನನ ಪಕ್ಕ ಕೂರಿಸಬೇಕಾಯಿತು. ಇಖ್ಲಾಸ್ ಹಿಂದೆ ಕೂತಳು. ಹನ್ನೆರಡು ಮಂದಿ ಹಿಡಿಸುವ ವ್ಯಾನಿನಲ್ಲಿ ಮೂವರು. ಖಯ್ಯೂನ್ ಗಾಡಿ ಚಾಲೂ ಮಾಡುವ ಮೊದಲು ಕನ್ನಡಿಯಲ್ಲಿ ಇಖ್ಲಾಸಳ ಕಣ್ಣು ಹುಡುಕಿದ. ಇವರು ಯಾರು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ. ಅವಳು ಕಣ್ಣು ತಗ್ಗಿಸಿದಳು. ಅಷ್ಟಕ್ಕೇ ಅವನಿಗೆ ಗೊತ್ತಾಯಿತು.

*

ಇರಾನಿನ ಜೊತೆಗಿನ ಯುದ್ಧದ ಮೂರನೆಯ ವರ್ಷ, ಬರೆಯಬಲ್ಲ ಮೇಷ್ಟ್ರುಗಳನ್ನು ಆರಿಸಿ ಒಂದು ಬಸ್ಸಿನಲ್ಲಿ ಗಡಿಯ ಕಡೆ ಕರೆದೊಯ್ದಿದ್ದರು. ಫಾಲಿಹ್ ಆಗ ಪತ್ರಿಕೆಗಳಿಗೆ ಸಣ್ಣಪುಟ್ಟ ಕತೆ ಬರೆಯುತ್ತಿದ್ದರು. ದೋಣಿ, ಮೀನುಗಾರರು, ಖರ್ಜೂರ ಕೊಯ್ಯುವ ಹೆಂಗಸರು. ಯಾರೂ ಅಷ್ಟಾಗಿ ಓದುತ್ತಿರಲಿಲ್ಲ. ಬಸ್ಸು ನಿಂತ ಕಡೆ ಖರ್ಜೂರದ ಮರಗಳಿಗೆ ತಲೆಯೇ ಇರಲಿಲ್ಲ. ಅಧಿಕಾರಿಯೊಬ್ಬ, ಹಿಂದಿನ ದಿನ ಶತ್ರುವನ್ನು ಹೇಗೆ ಹಿಮ್ಮೆಟ್ಟಿಸಿದೆವು ಎಂದು ಕೋಲಿನಿಂದ ತೋರಿಸುತ್ತ ವಿವರಿಸಿದ. ಕೋಲು ತೋರಿಸಿದ ಕಡೆಯಲ್ಲೆಲ್ಲ ಹೆಣಗಳಿದ್ದವು. ಒಬ್ಬ ಹುಡುಗ ಒಂದು ಚಪ್ಪಲಿಯನ್ನು ಎದೆಗವಚಿಕೊಂಡು ಸತ್ತಿದ್ದ. ಕೆಸರಿನಲ್ಲಿ ಕಳಚಿದ್ದನ್ನು ಹುಡುಕಿ ಕೈಗೆತ್ತಿಕೊಂಡ ಹೊತ್ತಿಗೇ ಗುಂಡು ತಗುಲಿರಬೇಕು. ಫಾಲಿಹ್ ಹತ್ತಿರ ಹೋಗಿ ನೋಡಿ ಬಂದು ಮತ್ತೆ ಸಾಲಿನಲ್ಲಿ ನಿಂತರು.

ಮನೆಗೆ ಬಂದು ಬರೆದ ಹನ್ನೊಂದು ಪುಟಗಳಲ್ಲಿ ಆ ಚಪ್ಪಲಿ ಇತ್ತು. ಬರೆದದ್ದನ್ನು ಪರಿಶೀಲಿಸುವ ಸರ್ಕಾರಿ ಕಚೇರಿಯವನು ಓದಿ, ಸಿಟ್ಟಿಲ್ಲದೆ, ಒಳ್ಳೆಯ ಸಲಹೆ ಕೊಡುವವನ ಹಾಗೆ ಹೇಳಿದ: "ಸತ್ತವನ ಕೈಯಲ್ಲಿ ಚಪ್ಪಲಿ ಯಾಕೆ ಮೇಷ್ಟ್ರೇ? ಓದೋರಿಗೆ ಕನಿಕರ ಬಂದುಬಿಡುತ್ತೆ. ಅವನ ಕೈಯಲ್ಲಿ ಏನೂ ಇರಬಾರದು. ಅವನಿಗೆ ಕೈಯೇ ಇರಬಾರದು."

ಫಾಲಿಹ್ ಹೆದರಿಯೇ ಕೂತು ತಿದ್ದತೊಡಗಿದರು. ಹುಡುಗನ ಚಪ್ಪಲಿ ಹೋಯಿತು, ಕೈ ಹೋಯಿತು, ಕೊನೆಗೆ ಹುಡುಗನೇ ಹೋದ. ಬಯಲಿನ ತುಂಬ ಮಿಡತೆಗಳು ಬಂದವು. ಹಸಿರನ್ನೆಲ್ಲ ತಿನ್ನಲು ಬಂದ ಮಿಡತೆಗಳ ಹಿಂಡು, ಅದನ್ನು ಹೊಸಕುವ ರೈತನ ಮಕ್ಕಳು. ನಡುವೆ ಒಂದು ಕಡೆ, ಗುಂಡು ಹಾರಿಸಲು ಕೈ ನಡುಗುವ ಸೈನಿಕನಿಗೆ ಹಿರಿಯನೊಬ್ಬ ಹೇಳುತ್ತಾನೆ: 'ಅಳುಕಬೇಡ, ಮಿಡತೆಗೆ ತಾಯಿಯಿಲ್ಲ.' ಆ ವಾಕ್ಯ ಬಂದ ಮೇಲೆ ಫಾಲಿಹ್ ಹೆದರಿಕೆಯನ್ನು ಮರೆತರು. ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದಾಡಿದರು. ಹತ್ತು ವರ್ಷ ಬರೆದರೂ ಅಷ್ಟು ಬಿಗಿಯಾದ ವಾಕ್ಯ ಅವರಿಗೆ ಒದಗಿರಲಿಲ್ಲ.

ಆ ಸಂಜೆ ಊಟವಾದ ಮೇಲೆ ಹೆಂಡತಿ ಬಹೀಜಾಗೂ ಎಂಟು ವರ್ಷದ ಇಖ್ಲಾಸಳಿಗೂ ಓದಿ ಹೇಳಿದರು. ಇಖ್ಲಾಸ್ ಚಪ್ಪಾಳೆ ತಟ್ಟಿದಳು. ಬಹೀಜಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು.

"ನಿಮ್ಮ ತಂಗಿ ಮನೇಲೂ ರೇಡಿಯೋ ಇದೆ," ಎಂದಳು.

"ಇದು ಕತೆ, ಬಹೀಜಾ."

ಕತೆಗೆ ಬಹುಮಾನ ಬಂತು: ಒಂದು ಬಣ್ಣದ ಟೀವಿ. ರೇಡಿಯೋದವರು ಅವರ ಧ್ವನಿಯಲ್ಲೇ ಓದಿಸಿದರು. ಮರುವರ್ಷ ಎಂಟನೆಯ ತರಗತಿಯ ಪಠ್ಯಪುಸ್ತಕಕ್ಕೆ ಸೇರಿತು. ಫಾಲಿಹ್ ಮೇಷ್ಟ್ರು ತಮ್ಮದೇ ಕತೆಯನ್ನು ತಾವೇ ಪಾಠ ಮಾಡತೊಡಗಿದರು. ಆ ವಾಕ್ಯವನ್ನು ಎಲ್ಲಿ ತಡೆದು, ಎಲ್ಲಿ ಧ್ವನಿ ತಗ್ಗಿಸಿ ಹೇಳಬೇಕೆಂದು ಹುಡುಗರಿಗೆ ಕಲಿಸಿದರು. ಕಂಠಪಾಠದ ಸ್ಪರ್ಧೆಯಲ್ಲಿ ಮೊದಲು ಬಂದವನಿಗೆ ತಮ್ಮ ಜೇಬಿನ ಪೆನ್ನನ್ನೇ ತೆಗೆದುಕೊಟ್ಟರು. ಅವನು ಜವುಗು ನಾಡಿನ ಕಡೆಯಿಂದ ಬಂದು ತಡವಾಗಿ ಶಾಲೆ ಸೇರಿದ್ದ ಸಣಕಲು ಹುಡುಗ, ಖಯ್ಯೂನ್.

*

ವ್ಯಾನು ನಾಸಿರಿಯಾ ದಾಟಿತು. ತಪಾಸಣೆಯ ಕಡೆಗಳಲ್ಲಿ ಸಿಪಾಯಿಗಳು ನೆತ್ತಿಯ ಮೇಲಿನ ಪೆಟ್ಟಿಗೆ ಕಂಡೊಡನೆ ಕೈಬೀಸಿ ಬಿಟ್ಟುಬಿಡುತ್ತಿದ್ದರು. ಇಖ್ಲಾಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅತ್ತೆಗೆ ಕೊಟ್ಟಳು. ಸಬ್ರಿಯಾ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕುಡಿದಳು. ಅಪ್ಪನೂ ಹಾಗೆಯೇ ಕುಡಿಯುತ್ತಿದ್ದುದು ಇಖ್ಲಾಸಳಿಗೆ ನೆನಪಾಯಿತು.

ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಎದೆಯಲ್ಲಿದ್ದದ್ದು ದುಃಖಕ್ಕಿಂತ ಹೆಚ್ಚಾಗಿ ಒಂದು ಆತಂಕ. ಮುಂದಿನ ಸೀಟಿನಲ್ಲಿ ಆ ಇಬ್ಬರು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಿದ್ದರು.

ಸಬ್ರಿಯಾ ಖಯ್ಯೂನನ ಊರು, ಮನೆಯವರು, ಮಕ್ಕಳು ಎಲ್ಲ ವಿಚಾರಿಸಿದಳು. ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಮೇಷ್ಟ್ರ ಹತ್ತಿರ ಓದಿದೆ, ಪ್ರತಿ ಶುಕ್ರವಾರ ಬಂದು ನೋಡಿಕೊಂಡು ಹೋಗುತ್ತಿದ್ದೆ ಎಂದ.

"ಪ್ರತಿ ಶುಕ್ರವಾರಾನಾ? ಎಷ್ಟು ವರ್ಷದಿಂದ?"

"ಮೂವತ್ತೈದು ವರ್ಷ ಆಯ್ತಮ್ಮ."

"ಹೆತ್ತ ಮಕ್ಕಳೂ ಹಾಗೆ ಬರಲ್ಲ." ಅವಳು ಲೋಟ ಹಿಂದಕ್ಕೆ ಕೊಟ್ಟಳು. "ನಾನು ಒಂದು ಸಲಾನೂ ಬರಲಿಲ್ಲ. ಗಡಿ ತೆಗೆದು ಇಪ್ಪತ್ತು ವರ್ಷ ಆಯ್ತು. ಅರ್ಧ ಗಂಟೆ ದಾರಿ."

ಹೊರಗೆ ಬಯಲು ಬಿಸಿಲಿಗೆ ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ತಾನಾಗಿಯೇ ಶುರುಮಾಡಿದಳು. ಬಸ್ರಾದ ಬಳಿಯ ತವರೂರು ಅಬುಲ್ ಖಸೀಬ್‌ನಲ್ಲಿ ಅಣ್ಣ ತಂಗಿ ಚಿಕ್ಕವರಿದ್ದಾಗ ಒಂದು ವರ್ಷ ಆಕಾಶ ಕಪ್ಪಾಗುವಷ್ಟು ಮಿಡತೆ ಬಂದಿತ್ತಂತೆ. ಊರಿನವರೆಲ್ಲ ಗೋಣಿಚೀಲ ಹಿಡಿದು ತೋಟಕ್ಕೆ ನುಗ್ಗಿದರಂತೆ. ಅವಳಿಗೆ ಆರು ವರ್ಷ, ಅಣ್ಣನಿಗೆ ಹನ್ನೊಂದು. ತಾಯಿ ಹಂಡೆಯಲ್ಲಿ ಉಪ್ಪುನೀರು ಕುದಿಸಿ ಚೀಲವನ್ನು ಅದರಲ್ಲಿ ಸುರಿದಾಗ ಒಳಗಿಂದ ಒಂದು ಸದ್ದು ಬಂತು. ಅದನ್ನು ಕೇಳಿ ಸಬ್ರಿಯಾ ಅಳತೊಡಗಿದಳು. ಏನು ಮಾಡಿದರೂ ಸುಮ್ಮನಾಗಲಿಲ್ಲ. ಸಂಜೆ ಅವುಗಳ ಅಮ್ಮ ಬಂದು ಹುಡುಕಿದರೆ ಏನು ಹೇಳುವುದು ಎಂಬುದೊಂದೇ ಅವಳ ಹಟ.

"ಆಗ ಅಣ್ಣ ನನ್ನ ಎತ್ಕೊಂಡು ಬಾವಿಕಟ್ಟೆ ಹತ್ರ ಕರ್ಕೊಂಡು ಹೋದ," ಎಂದಳು ಸಬ್ರಿಯಾ. "ಕಣ್ಣೊರೆಸಿದ. 'ಅಳಬೇಡ ಕಣೇ ಸಬ್ರೀ, ಮಿಡತೆಗೆ ತಾಯಿ ಇಲ್ಲ. ಅದು ಮಣ್ಣಿಂದ ಹುಟ್ಟುತ್ತೆ, ಯಾರೂ ಹುಡುಕಲ್ಲ,' ಅಂದ. ನನ್ನ ಅಳು ನಿಲ್ಲಿಸೋಕೆ ಹೇಳಿದ್ದು. ನಾನು ನಂಬಿದೆ. ಆಮೇಲೆ ತಿಂದೆ ಕೂಡ."

ಖಯ್ಯೂನನ ಬೆರಳುಗಳು ಸ್ಟೇರಿಂಗಿನ ಮೇಲೆ ಬಿಗಿಯುವುದು ಇಖ್ಲಾಸಳಿಗೆ ಹಿಂದಿನಿಂದ ಕಂಡಿತು.

ಗಂಡನ ಊರು ಮುಹಮ್ಮರ ಯುದ್ಧದಲ್ಲಿ ನೆಲಸಮವಾದ ಮೇಲೆ ಸಬ್ರಿಯಾ ಗಂಡ ಮಕ್ಕಳೊಂದಿಗೆ ಅಹ್ವಾಝ್‌ನ ಒಂದು ಶಾಲೆಯಲ್ಲಿ ನಿರಾಶ್ರಿತಳಾಗಿದ್ದಳು. ಒಂದು ತರಗತಿಯ ಕೋಣೆಯಲ್ಲಿ ನಾಲ್ಕು ಸಂಸಾರ. ಗಂಡ ಎಲ್ಲಿಂದಲೋ ಒಂದು ಮುರುಕು ರೇಡಿಯೋ ತಂದು ರಿಪೇರಿ ಮಾಡಿದ್ದ. ಕದ್ದು ಬಸ್ರಾ ಸ್ಟೇಷನ್ ಹಾಕಿದರು. ತವರಿನ ದನಿ ಕೇಳುವ ಆಸೆ. ಹಿರಿಯ ಮಗ ನಾಜಿಗೆ ಆಗ ಹದಿನೈದು. ಅವನೇ ಮೊದಲು ಗುರುತು ಹಿಡಿದ.

"'ಅವ್ವಾ, ಮಾಮ! ಮಾಮ ಮಾತಾಡ್ತಿದ್ದಾನೆ' ಅಂತ ಕುಣಿದುಬಿಟ್ಟ. ಕೋಣೇಲಿದ್ದವರನ್ನೆಲ್ಲ ಸುಮ್ಮನಿರಿಸಿದ. ನಮ್ಮ ಮಾಮ ಎಷ್ಟು ದೊಡ್ಡವನು ನೋಡಿ ಅಂತ ಎಲ್ಲರಿಗೂ ಕೇಳಿಸಿದ." ಅವಳು ನಿಲ್ಲಿಸಿದಳು. "ಅವನು ಕೊನೇ ತನಕ ಕೇಳಿದ."

ನಾಜಿ ಹತ್ತೊಂಬತ್ತಕ್ಕೆ ಸೈನ್ಯಕ್ಕೆ ಹೋದ. ಎಂಬತ್ತೇಳರ ಚಳಿಗಾಲ, ಬಸ್ರಾದ ಪೂರ್ವಕ್ಕೆ, ಶಲಮ್ಚೆಯ ಕಡೆ. ಹೆಣ ಬರಲಿಲ್ಲ. ಇದನ್ನು ಅವಳು ಸಾಮಾನಿನ ಪಟ್ಟಿ ಓದುವವಳಂತೆ ಹೇಳಿ ಮುಗಿಸಿ, ಕಿಟಕಿಯ ಕಡೆ ತಿರುಗಿದಳು.

*

ಯುದ್ಧ ನಿಂತ ಆಗಸ್ಟ್ ತಿಂಗಳಲ್ಲಿ ಖಯ್ಯೂನ್ ಮೇಷ್ಟ್ರ ಮನೆಯ ಬಾಗಿಲು ತಟ್ಟಿದ್ದ. ಹದಿಮೂರು ವರ್ಷದ ಇಖ್ಲಾಸ್ ಚಹಾದ ತಟ್ಟೆ ಹಿಡಿದು ಪರದೆಯ ಹಿಂದೆ ನಿಂತವಳು, ಕಿವಿಗೆ ಬಿದ್ದ ಮಾತಿನಿಂದ ಮುಂದೆ ಬರಲಾಗದೆ ಅಲ್ಲೇ ಉಳಿದುಬಿಟ್ಟಳು.

ಎಂಬತ್ತೇಳರ ಚಳಿಗಾಲ, ಶಲಮ್ಚೆಯ ಕಡೆ ಒಂದು ದೊಡ್ಡ ದಾಳಿಯನ್ನು ತಡೆದ ಮರುಬೆಳಗ್ಗೆ ಕಾಲುವೆಯ ಉದ್ದಕ್ಕೂ ನಡೆದು ಇನ್ನೂ ಉಸಿರಿರುವವರನ್ನು ಮುಗಿಸಿಬರಲು ಅವನನ್ನು ಕಳಿಸಿದ್ದರಂತೆ. ಅವನಿಗೆ ಹತ್ತೊಂಬತ್ತು. ಅರ್ಧ ನೀರಿನಲ್ಲಿ ಒಬ್ಬ ಬಿದ್ದಿದ್ದ. 'ಅವ್ವಾ' ಎಂದ. ಖಯ್ಯೂನನ ಕೈ ನಡುಗಿತು. ಆಗ ಬಾಯಿಗೆ ಆ ವಾಕ್ಯ ಬಂತು. ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ, ಕಂಠಪಾಠವಾಗಿತ್ತು. ತಡೆಯುವ ಕಡೆ ತಡೆದು, ತಗ್ಗಿಸುವ ಕಡೆ ತಗ್ಗಿಸಿ ಹೇಳಿಕೊಂಡ. ಕೈ ನಿಂತಿತು. ಗುಂಡು ಹಾರಿಸಿ ಮುಂದೆ ಹೋದ. ಸಂಜೆ ಅನ್ನ ತಿನ್ನುವಾಗ, ತುತ್ತು ಬಾಯಲ್ಲಿರುವಾಗ, ಹೊಳೆಯಿತು: ಅವನು ತಾಯಿಯನ್ನು ಕರೆದದ್ದು ಫಾರಸಿಯಲ್ಲಿ ಅಲ್ಲ, ನಮ್ಮ ಬಸ್ರಾದ ಮನೆಗಳಲ್ಲಿ ಮಕ್ಕಳು ಕರೆಯುವ ಹಾಗೆ, ನಮ್ಮದೇ ಮಾತಿನಲ್ಲಿ.

ಆಮೇಲೆ ಅಪ್ಪನ ಧ್ವನಿ ಕೇಳಿಸಿತು.

"ಮುಖ ಹೇಗಿತ್ತು?"

"ನೋಡಲಿಲ್ಲ ಮೇಷ್ಟ್ರೇ. ನೀವು ಬರೆದದ್ದರಲ್ಲಿ ಮುಖ ನೋಡೋ ಅಗತ್ಯ ಬರಲ್ಲ."

ಖಯ್ಯೂನ್ ಅಂದು ಅವರನ್ನು ಹೊಡೆಯಲೆಂದೇ ಬಂದಿದ್ದ. ಮುಂದೆ ಎಷ್ಟೋ ವರ್ಷಗಳ ಮೇಲೆ ಅವನೇ ಇಖ್ಲಾಸಳಿಗೆ ಅದನ್ನು ಹೇಳಿದ. ಹೊಡೆಯಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಬಂದ.

ಮೇಷ್ಟ್ರು ಆಮೇಲೆ ಯಾವ ಪತ್ರಿಕೆಗೂ ಬರೆಯಲಿಲ್ಲ. ಪಠ್ಯದಲ್ಲಿ ಆ ಕತೆ ಬಂದಾಗ, ಹುಷಾರಿಲ್ಲವೆಂದು ರಜೆ ಹಾಕುತ್ತಿದ್ದರು. ಸರ್ಕಾರ ಬದಲಾದ ಮೇಲೆ, ಹಳೆಯವರ ಹೊಗಳುಭಟ್ಟ ಎಂದು ಅವರನ್ನು ಕೆಲಸದಿಂದ ತೆಗೆದಾಗ ಎದುರಾಡಲಿಲ್ಲ. ನೆರೆಯವರು ಮಾತು ಬಿಟ್ಟರು. ಒಂದು ನೋಟುಬುಕ್ಕಿನಲ್ಲಿ ಒಂದೇ ಒಂದು ಪುಟವನ್ನು ಬರೆಯುತ್ತ, ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಕೂತರು. ಕಾಲುವೆಯಲ್ಲಿ ಬಿದ್ದ ಆ ಹುಡುಗನ ಮುಖ. ಶುಕ್ರವಾರ ಖಯ್ಯೂನ್ ಬಂದೊಡನೆ ಕೇಳುತ್ತಿದ್ದರು: ಹುಬ್ಬು ಕೂಡಿತ್ತಾ? ಹಣೆ ಅಗಲವಾ? ಅವನು ಗೊತ್ತಿಲ್ಲ ಎನ್ನುತ್ತಿದ್ದ. ಅವರ ಮೇಜಿನ ಡ್ರಾಯರಿನಲ್ಲಿ, ಶಲಮ್ಚೆಯಿಂದ ಹಿಂತಿರುಗಲಿಲ್ಲವೆಂದು ನದಿಯಾಚೆಯಿಂದ ಸುದ್ದಿ ಬಂದಿದ್ದ ತಂಗಿಯ ಮಗ ನಾಜಿಯ ಫೋಟೋ ಇತ್ತು. ದೋಣಿಯ ಅಂಚಿನಲ್ಲಿ ಕೂತ ಹನ್ನೆರಡು ವರ್ಷದ ಹುಡುಗ, ಗದ್ದದ ಮೇಲೆ ಬಾಲಚಂದ್ರನ ಹಾಗೆ ಒಂದು ಹಳೆಯ ಗಾಯ. ಅದನ್ನು ಅವರು ಖಯ್ಯೂನನಿಗೆ ಒಂದು ಸಲವೂ ತೋರಿಸಲಿಲ್ಲ. ತೋರಿಸಿದರೆ ಅವನ ಉತ್ತರವನ್ನು ನಂಬುವುದು ಹೇಗೆ ಎಂದು ಮಗಳಿಗೆ ಹೇಳಿದ್ದರು. ಪರೀಕ್ಷೆ ನಡೆಸುವ ಮೇಷ್ಟ್ರ ಮಾತು.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಒಂದು ಶುಕ್ರವಾರ ಖಯ್ಯೂನ್ ಚಹಾ ಕದಡುತ್ತ ಹೇಳಿದ:

"ಗದ್ದದ ಮೇಲೆ ಏನೋ ಗಾಯ ಇತ್ತು ಅನ್ಸುತ್ತೆ ಮೇಷ್ಟ್ರೇ. ಹಳೇದು. ನಿಜವಾಗ್ಲೂ ಇತ್ತೋ, ನೀವು ಕೇಳಿ ಕೇಳಿ ನನಗೆ ಹಾಗೆ ಕಾಣುತ್ತೋ, ಗೊತ್ತಾಗ್ತಿಲ್ಲ."

ಮೇಷ್ಟ್ರು ಪೆನ್ನಿಗೆ ಕ್ಯಾಪು ಹಾಕಿ ನೋಟುಬುಕ್ಕು ಮುಚ್ಚಿದರು. ಮತ್ತೆ ಯಾವತ್ತೂ ಆ ಬಗ್ಗೆ ಕೇಳಲಿಲ್ಲ. ಯಾಕೆ ಕೇಳುವುದಿಲ್ಲ ಎಂಬುದು ಖಯ್ಯೂನನಿಗೆ ನಿಧಾನವಾಗಿ ಅರ್ಥವಾಗಿರಬೇಕು. ಶುಕ್ರವಾರಗಳು ಮಾತ್ರ ನಿಲ್ಲಲಿಲ್ಲ. ಇಬ್ಬರೂ ಎದುರು ಬದುರು ಕೂತು, ಮಾತಿಲ್ಲದೆ ಚಹಾ ಕುಡಿದು ಏಳುತ್ತಿದ್ದರು.

*

ನಜಫಿನಲ್ಲಿ ಎಲ್ಲವೂ ಬೇಗ ಮುಗಿಯಿತು. ಪೆಟ್ಟಿಗೆ ಹೊರಲು ಅಲ್ಲಿ ಕೂಲಿಯವರು ಸಿಗುತ್ತಾರೆ. ನಾಲ್ಕನೆಯ ಮೂಲೆಯ ಚಿಂತೆ ಇರಲಿಲ್ಲ. ದರ್ಗಾದ ಸುತ್ತು ಹಾಕಿಸಿ, ಲಕ್ಷಾಂತರ ಗೋರಿಗಳ ನಡುವಿನ ಓಣಿಗಳಲ್ಲಿ ನಡೆದು, ಬಹೀಜಾಳ ಗೋರಿಯ ಪಕ್ಕದಲ್ಲಿ ತೋಡಿಟ್ಟಿದ್ದ ಗುಂಡಿಗೆ ಬಂದರು. ಖಯ್ಯೂನ್ ತಾನೇ ಗುಂಡಿಗಿಳಿದು ಮೇಷ್ಟ್ರ ತಲೆಯನ್ನು ಅಂಗೈಯಲ್ಲಿ ಹಿಡಿದು ಮಣ್ಣಿಗೆ ತಾಗಿಸಿದ. ಮೇಲೆ ಬಂದಾಗ ಅವನ ಗಡ್ಡದ ತುಂಬ ಧೂಳಿತ್ತು.

ಸತ್ತವನ ಕಿವಿಯಲ್ಲಿ ಕೊನೆಯ ಮಾತು ಹೇಳುವ ಮುದುಕ ಕುಕ್ಕರುಗಾಲಿನಲ್ಲಿ ಕೂತು ಹೆಸರು ಕೇಳಿದ. ಇಖ್ಲಾಸ್ ಹೇಳಿದಳು.

"ತಾಯಿ ಹೆಸರು?"

ಆ ಕರೆಯಲ್ಲಿ ತಂದೆಯ ಹೆಸರು ನಡೆಯುವುದಿಲ್ಲ. ಇಖ್ಲಾಸ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಬ್ರಿಯಾ, "ಹಸ್ನಾ," ಎಂದಳು. ಮುದುಕನಿಗೆ ಕೇಳಿಸಲಿಲ್ಲ. ಅವಳು ಇಖ್ಲಾಸಳ ಹೆಗಲು ಹಿಡಿದು, ನೋಯುವ ಮಂಡಿಯನ್ನು ಬಗ್ಗಿಸಿ, ಗುಂಡಿಯ ಅಂಚಿಗೆ ಬಾಗಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. ಮುದುಕ ತಲೆಯಾಡಿಸಿದ.

"ಕೇಳು, ಹಸ್ನಾಳ ಮಗ ಫಾಲಿಹ್," ಎಂದು ಅವನು ಶುರುಮಾಡಿದ.

ಇಖ್ಲಾಸಳಿಗೆ ಆಗ ಅಳು ಬಂತು.

*

ಹಿಂತಿರುಗುವಾಗ ಸಮಾವಾದ ಹತ್ತಿರ ಒಂದು ಹೋಟೆಲಿನ ಮುಂದೆ ಖಯ್ಯೂನ್ ಗಾಡಿ ನಿಲ್ಲಿಸಿದ. ಆದರೆ ಇಳಿಯಲಿಲ್ಲ. ಇಂಜಿನ್ನು ಆರಿಸಿ, ಎರಡೂ ಕೈಯನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು, ಎದುರಿನ ಗಾಜು ನೋಡುತ್ತ ಹೇಳತೊಡಗಿದ. ಇಖ್ಲಾಸ್ "ಖಯ್ಯೂನಣ್ಣ, ಬೇಡ," ಎಂದಳು. ಅವನು ನಿಲ್ಲಿಸಲಿಲ್ಲ. ಕಾಲುವೆ, ಬೆಳಗಿನ ಮಂಜು, ಅರ್ಧ ನೀರಿನಲ್ಲಿದ್ದ ಹುಡುಗ, ಬಾಯಿಗೆ ಬಂದ ವಾಕ್ಯ. ಮೂವತ್ತೈದು ವರ್ಷದ ಹಿಂದೆ ಪರದೆಯಾಚೆ ಹೇಳಿದ್ದಷ್ಟನ್ನೂ ಹೇಳಿದ. ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ.

ಸಬ್ರಿಯಾ ಅಲುಗಾಡದೆ ಕೇಳಿದಳು. ಹೋಟೆಲಿನ ಹುರಿದ ಮಾಂಸದ ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು.

"ಅವ್ವಾ ಅಂದದ್ದು ಒಂದು ಸಲವಾ?"

"ಎರಡು ಸಲ."

ಅವಳು ತಲೆಯಾಡಿಸಿದಳು.

"ಅಮ್ಮ," ಎಂದ ಖಯ್ಯೂನ್. "ನಿಮ್ಮ ಮಗನ ಗದ್ದದ ಮೇಲೆ ಗಾಯ ಇತ್ತಾ?"

ಹಿಂದಿನ ಸೀಟಿನಲ್ಲಿ ಇಖ್ಲಾಸ್ ಮುಂದಕ್ಕೆ ಬಾಗಿದಳು. ಆ ಫೋಟೋ ಈಗ ಅವಳ ಮನೆಯ ಡ್ರಾಯರಿನಲ್ಲಿತ್ತು. ಆ ಗಾಯವನ್ನು ಅವಳು ನೂರು ಸಲ ನೋಡಿದ್ದಳು.

"ಇರಲಿಲ್ಲ," ಎಂದಳು ಸಬ್ರಿಯಾ.

"ಸರಿಯಾಗಿ ನೆನಪು ಮಾಡ್ಕೊಳ್ಳಿ. ನನಗೋಸ್ಕರ ಹೇಳಬೇಡಿ."

"ಹೆತ್ತವಳಿಗೆ ನೆನಪು ಮಾಡ್ಕೋ ಅಂತೀಯಲ್ಲ ಮಗನೇ. ನಾಜಿ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಹೆಣ್ಣುಮಕ್ಕಳ ಮುಖದ ಹಾಗಿತ್ತು. ನೀನು ನೋಡಿದ್ದು ಬೇರೆ ಯಾರನ್ನೋ."

ಖಯ್ಯೂನ್ ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ಅವನಿಗೂ ಒಬ್ಬಳು ಇರ್ತಾಳಲ್ಲ," ಎಂದ ಕೊನೆಗೆ.

"ಇರ್ತಾಳೆ," ಎಂದಳು ಸಬ್ರಿಯಾ. "ಇಳಿ. ಏನಾದ್ರೂ ತಿನ್ನು. ಬೆಳಗಿನಿಂದ ಬರೀ ಹೊಟ್ಟೇಲಿ ಗಾಡಿ ಓಡಿಸ್ತಿದ್ದೀಯ."

ಅವನು ಇಳಿದು ನಲ್ಲಿಯ ಬಳಿ ಹೋಗಿ ಮುಖದ ಮೇಲೆ ನೀರು ಎರಚಿಕೊಳ್ಳುತ್ತ ನಿಂತ. ಎಷ್ಟು ಹೊತ್ತಾದರೂ ನಲ್ಲಿ ನಿಲ್ಲಿಸಲಿಲ್ಲ. ವ್ಯಾನಿನಲ್ಲಿ ಅತ್ತೆಯಾಗಲಿ ಸೊಸೆಯಾಗಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಸ್ರಾ ಹತ್ತಿರವಾದಾಗ ಸಬ್ರಿಯಾ, ಗಡಿ ಮುಚ್ಚುವುದರೊಳಗೆ ತನ್ನನ್ನು ಶಲಮ್ಚೆಗೆ ಬಿಡಬೇಕೆಂದಳು. ಟ್ಯಾಕ್ಸಿ ಹಿಡಿದುಕೊಡುತ್ತೇನೆ ಎಂದು ಇಖ್ಲಾಸ್ ಕೂಡಲೇ ನಡುವೆ ಬಾಯಿ ಹಾಕಿದಳು. ಆ ದಾರಿಯ ಬಾಡಿಗೆಯನ್ನು ಖಯ್ಯೂನ್ ಒಪ್ಪುವುದಿಲ್ಲ ಎಂಬುದು ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾಕೆಂದು ಗೊತ್ತಿದ್ದವಳು ಅವಳೊಬ್ಬಳು. ಖಯ್ಯೂನ್ ವ್ಯಾನನ್ನು ಪೂರ್ವಕ್ಕೆ ತಿರುಗಿಸಿದ.

ದಾರಿಯ ಎರಡೂ ಕಡೆ ಉಪ್ಪುಗಟ್ಟಿದ ನೆಲ. ನಡುನಡುವೆ ಹಳೆಯ ಮಣ್ಣಿನ ದಿಬ್ಬಗಳು. ಒಂದು ಕಡೆ ಕಾಲುವೆಯೊಂದು ರಸ್ತೆಯ ಪಕ್ಕಕ್ಕೆ ಬಂದು, ಜೊಂಡಿನ ನಡುವೆ ಸ್ವಲ್ಪ ದೂರ ಜೊತೆಯಲ್ಲೇ ಹರಿದು, ಆಚೆ ಸರಿಯಿತು. ಖಯ್ಯೂನ್ ಅದರ ಕಡೆ ತಿರುಗಲಿಲ್ಲ. ಸಬ್ರಿಯಾ ಅದು ಕಣ್ಣಿಗೆ ಬೀಳುತ್ತಿದ್ದಷ್ಟು ಹೊತ್ತೂ ನೋಡಿದಳು.

ಗಡಿಯಲ್ಲಿ ಯಾತ್ರಿಗಳ ಬಸ್ಸುಗಳು ಸಾಲುಗಟ್ಟಿದ್ದವು. ನಜಫ್, ಕರ್ಬಲಾ ಮುಗಿಸಿ ಹಿಂತಿರುಗುವ ಇರಾನಿನ ಹೆಂಗಸರು, ನೂರಾರು ಮಂದಿ. ಖಯ್ಯೂನ್ ನೀರಿನ ಬಾಟಲಿ ತರಲು ಹೋದಾಗ ಇಖ್ಲಾಸ್ ಕೈಚೀಲದಿಂದ ಆ ನೋಟುಬುಕ್ಕು ತೆಗೆದಳು. ಅಪ್ಪನ ಜೊತೆ ಮಣ್ಣಿಗಿಡಬೇಕೆಂದು ತಂದು, ಇಡಲಾಗದೆ ಉಳಿದದ್ದು.

"ಅತ್ತೆ, ಅಪ್ಪ ಆಮೇಲೆ ಬರೆದದ್ದು ಇದೊಂದೇ ಪುಟ. ಮುಗಿದಿಲ್ಲ. ನೀವು ಇಟ್ಕೊಳ್ಳಿ."

ಸಬ್ರಿಯಾ ಅದರ ರಟ್ಟಿನ ಮೇಲೆ ಅಂಗೈ ಇಟ್ಟಳು. ತೆರೆಯಲಿಲ್ಲ.

"ನಿನ್ನ ಹತ್ರಾನೇ ಇರಲಿ ಮಗಳೇ. ನಾಜಿ ಮುಖ ನನಗೆ ಯಾರೂ ಬರೆದುಕೊಡೋದು ಬೇಡ."

ಇಖ್ಲಾಸ್ ಅವಳನ್ನು ನೋಡಿದಳು. ಪುಟದಲ್ಲಿರುವುದು ಒಂದು ಮುಖ ಎಂದು ತಾನು ಹೇಳಿರಲಿಲ್ಲ. ಮುದುಕಿಯೂ ನೋಡಿದಳು. ಅಷ್ಟರಲ್ಲಿ ಖಯ್ಯೂನ್ ಬಂದ. 'ನಾಜಿ' ಎಂದದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಸಬ್ರಿಯಾ, "ಶುಕ್ರವಾರ ಇವಳ ಮನೆಗೆ ಹೋಗೋದು ಬಿಡಬೇಡ. ಒಂಟಿ ಇದ್ದಾಳೆ," ಎಂದಷ್ಟೇ ಹೇಳಿ, ಕಾಲೆಳೆಯುತ್ತ ಗೇಟಿನ ಕಡೆ ನಡೆದಳು.

ಹತ್ತು ಹೆಜ್ಜೆಯಲ್ಲಿ ಅವಳು ಕಪ್ಪು ಅಬಾಯಾಗಳ ಗುಂಪಿಗೆ ಸೇರಿಹೋದಳು. ಎಲ್ಲರೂ ಒಂದೇ ಎತ್ತರ, ಒಂದೇ ಕಪ್ಪು, ಎಲ್ಲರ ಕೈಯಲ್ಲೂ ಗಂಟು. ಇಖ್ಲಾಸಳಿಗೆ ಆಗಲೇ ಗುರುತು ತಪ್ಪಿತ್ತು. ಖಯ್ಯೂನ್ ಮಾತ್ರ ಕಂಬಿಯ ಬೇಲಿಗೆ ಎದೆ ಒತ್ತಿ, ಹಿಮ್ಮಡಿ ಎತ್ತಿ, ಒಂದೊಂದೇ ತಲೆಯನ್ನು ಕಣ್ಣಲ್ಲೇ ಹಿಂಬಾಲಿಸಿ ಹುಡುಕುತ್ತಿದ್ದ. ಸಾಲು ನಿಧಾನವಾಗಿ ಮುಂದೆ ಸರಿಯಿತು. ಬಾಗಿಲಿನ ಹತ್ತಿರ ಯಾರೋ ಒಬ್ಬಳು ಹಿಂತಿರುಗಿ ನೋಡಿದಳು. ಅವಳೇ ಇರಬಹುದು, ಬೇರೆ ಯಾರಾದರೂ ಇರಬಹುದು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ.

ಖಯ್ಯೂನ್ ಕೈ ಎತ್ತಿದ. ಆ ಹೆಂಗಸು ಒಳಗೆ ಹೋದ ಮೇಲೂ, ಅವಳ ಹಿಂದಿನವಳು, ಅವಳ ಹಿಂದಿನವಳು ಹೋದ ಮೇಲೂ, ಎತ್ತಿದ ಕೈ ಹಾಗೇ ಇತ್ತು.